ಬಿಳಿ ಕಂಡ ಮೇಲೆ ಒಂದು ನಿಮಿಷ

ನಾನು ಒಂದು ದೀಪ. ಕುತ್ತಿಗೆ ಬಾಗುತ್ತದೆ, ತಲೆ ಬೇಗ ಬಿಸಿಯಾಗುತ್ತದೆ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನನ್ನನ್ನು ಬಡಿದು, ಮಡಚಿ, ಹಸಿರು ಬಣ್ಣ ಬಳಿದರು. ಬಣ್ಣ ಆರುವ ಮೊದಲೇ ಗಾಡಿಗೆ ಏರಿಸಿದರು. ಯಾರದೋ ಹೆಬ್ಬೆರಳ ಗುರುತು ನನ್ನ ಬೆನ್ನ ಮೇಲೆ ಇನ್ನೂ ಇದೆ. ಆ ಗಡಿಬಿಡಿಯೇ ನನ್ನ ತಂತಿಗೂ ಇಳಿದಿರಬೇಕು. ಸುಮ್ಮನೆ ಕಾಯುವುದೆಂದರೆ ನನಗೆ ಆಗಿಬರದು.

ಮೊದಲು ನನ್ನನ್ನು ಕೊಂಡವನು ನೇಕಾರರ ಊರೊಂದರ ಗಡಿಯಾರ ರಿಪೇರಿಯ ಮೌಲಾಸಾಬ. ಗಡಿಯಾರದ ಹೊಟ್ಟೆ ಬಿಚ್ಚಿ ನನ್ನ ಬೆಳಕಿನಲ್ಲಿ ಇಟ್ಟು ನೋಡುತ್ತ ಕೂರುತ್ತಿದ್ದ. ಗಿರಾಕಿ ಬೈದರೂ ಕೈ ಹಾಕುತ್ತಿರಲಿಲ್ಲ. "ಯಾಕ ನಿಂತೈತಿ ಅಂತ ಗೊತ್ತಾಗೂಮಟ ಮುಟ್ಟಂಗಿಲ್ಲ" ಎನ್ನುತ್ತಿದ್ದ. ನಾನು ಮೇಲೆ ಕುದಿಯುತ್ತಿದ್ದೆ. ಹದಿನಾಲ್ಕು ವರ್ಷ ಹಾಗೆ ಕುದ್ದೆ.

ಅವನ ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿತು. ಅವನ ಮಗಳು ಮೆಹರುನ್ನೀಸಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. "ನಮ್ಮ ತಪಾಸಣಿ ಕೋಣ್ಯಾಗಿನ ದೀಪ ಕೆಟ್ಟು ವರ್ಷಾತು, ಅಬ್ಬಾ" ಎಂದು ನನ್ನನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹೊರಟಳು.

ಅದು ಹೆಂಗಸರನ್ನು ಪರೀಕ್ಷಿಸುವ ಕೋಣೆ. ನನ್ನ ಜಾಗ ಮೇಜಿನ ಕಾಲಬುಡದಲ್ಲಿ. ಅಲ್ಲಿಂದ ಮುಖ ಕಾಣುವುದಿಲ್ಲ. ಒಡೆದ ಹಿಮ್ಮಡಿ, ಮುದುಡಿದ ಬೆರಳು, ನಡುಗುವ ಮೊಣಕಾಲು, ಇಷ್ಟೇ. ನೋವು ನುಂಗಿಕೊಂಡು ಸಾಯುವುದೇ ಮರ್ಯಾದೆ ಎಂದು ಇವರಿಗೆ ಕಲಿಸಿದವರು ಯಾರೋ! ಕೈಗೆ ಸಿಕ್ಕರೆ ಅವರ ಕೆನ್ನೆಗೆ ನನ್ನ ಬಿಸಿ ಬಲ್ಬು ಇಡಬೇಕು.

ಒಂದು ದಿನ ಕೆಂಪು ಬಣ್ಣ ಹತ್ತಿದ ಹಿಮ್ಮಡಿಗಳು ಬಂದವು. ಶಿವಗಂಗವ್ವ. ನೂಲಿಗೆ ಬಣ್ಣ ಹಾಕುವ ಮನೆಯವಳು, ವಯಸ್ಸು ನಲವತ್ತನಾಲ್ಕು. ಆರು ತಿಂಗಳಿಂದ ಬಿಳಿ ಹೋಗುತ್ತಿತ್ತು, ನಡುನಡುವೆ ರಕ್ತವೂ ಕಾಣುತ್ತಿತ್ತು. ಸಿಸ್ಟರ್ ಮೆಹರುನ್ನೀಸಾ ನನ್ನ ಕುತ್ತಿಗೆ ಬಗ್ಗಿಸಿ ನೋಡಿ, ಪಕ್ಕದಲ್ಲಿದ್ದ ಡಾಕ್ಟರಮ್ಮನಿಗೆ "ಗರ್ಭಕೋಶದ ಬಾಯಿ ಮ್ಯಾಲೆ ಬಿಳಿ ಮಚ್ಚಿ ಐತ್ರಿ" ಎಂದಳು.

ಶಿವಗಂಗವ್ವ ಧಡಕ್ಕನೆ ಎದ್ದಳು. ಅವಳ ಕಾಲು ತಾಗಿ ನಾನು ಉರುಳಿದೆ.

"ಕ್ಯಾನ್ಸರ್ ಅನ್ರಿ, ಮುಚ್ಚತೀರಿ ಯಾಕ? ನಾ ಮನಿಗಿ ಹೊಕ್ಕೇನಿ."

"ಎಲ್ಲಿಗಿ ಹೊಕ್ಕಿ? ಮಕ್ಕೊ," ಎಂದು ಸಿಸ್ಟರ್ ಗದರಿದಳು. "ಬಣ್ಣಕ್ಕ ಅದ್ದಿದ ನೂಲಿನ ಲಡಿಯೊಳಗ ಒಂದು ಕಡೆ ಬಿಳಿ ಉಳದ್ರ ಅದನ್ನ ಸುಟ್ಟ ಹಾಕ್ತೀಯೇನು?"

"ಯಾಕ ಸುಡಲಿ? ಜಿಡ್ಡು ಹೋಗಿರಂಗಿಲ್ಲ, ಗಂಟು ಬಿಗದಿರತೈತಿ, ಇಲ್ಲಾ ನೂಲ ಕೆಟ್ಟಿರತೈತಿ. ಬಿಚ್ಚಿ ನೋಡಬೇಕು."

"ಹಂಗ ಇದನ್ನೂ ನೋಡಬೇಕು."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಸೋಂಕಿನಿಂದ ಬಿಳಿಯಾಗಬಹುದು. ಗರ್ಭಕೋಶ ಜಾರದಂತೆ ಹಾಕಿದ ಉಂಗುರ ತಿಕ್ಕಿ ಆಗಬಹುದು. ಚರ್ಮ ಸುಡುವಂಥ ಔಷಧ ತಾಗಿ ಆಗಬಹುದು. ಒಂದು ವೈರಸ್ಸಿನಿಂದಲೂ ಆಗಬಹುದು, ಅದು ವರ್ಷಗಟ್ಟಲೆ ಉಳಿದರೆ ಕ್ಯಾನ್ಸರಿಗೆ ದಾರಿ. ಬರಿಗಣ್ಣಿಗೆ ಮಾತ್ರ ಎಲ್ಲವೂ ಬಿಳಿಯೇ.

"ಒಳಗ ಏನರ ಹಾಕ್ಕೊಂತಿದ್ದೇನು?" ಸಿಸ್ಟರ್ ಕೇಳಿದಳು.

ಹಿಮ್ಮಡಿಗಳು ಒಂದನ್ನೊಂದು ಉಜ್ಜಿಕೊಂಡವು. "ಪಟಿಕದ ನೀರ್ರಿ. ದಿನಾ ತೊಳಕೊಂತಿದ್ದೆ. ನೂಲಿನ ಬಣ್ಣಾನ ನಿಲ್ಲಸತೈತಿ, ಇದನ್ನ ನಿಲ್ಲಸಂಗಿಲ್ಲೇನು ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಬಣ್ಣದ ಹಂಡೆಗೆ ಹಾಕುವ ಪಟಿಕ! ಡಾಕ್ಟರಮ್ಮ ಅದನ್ನು ಬಿಡಿಸಿದರು, ಸೋಂಕಿಗೆ ಮಾತ್ರೆ ಕೊಟ್ಟರು. ಹದಿನೈದು ದಿನಕ್ಕೆ ಬಾ, ಮತ್ತೆ ನೋಡಲೇಬೇಕು ಎಂದರು.

ಹದಿನೈದನೆಯ ದಿನ ಅವಳು ಬರಲಿಲ್ಲ. ಇಪ್ಪತ್ತನೆಯ ದಿನವೂ ಇಲ್ಲ. ಪರದೆ ಸರಿದಾಗಲೆಲ್ಲ ಕೆಂಪು ಹಿಮ್ಮಡಿ ಹುಡುಕಿ ಹುಡುಕಿ ನನಗೆ ಸಾಕಾಯಿತು. ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಹೋಗಿ ಬಂದ ಮೇಲೆ, ನಲವತ್ತನೆಯ ದಿನ ಬಂದಳು.

"ಬಿಳಿ ಹೋಗೂದು ನಿಂತಿತ್ರಿ. ಮತ್ಯಾಕ ಬರೂದು?"

"ಆರತಿ ಎತ್ತಸ್ಕೊಳ್ಳಾಕ," ಎಂದಳು ಸಿಸ್ಟರ್.

ಹಳೆಯ ಮಚ್ಚೆ ಹೋಗಿತ್ತು. ಸಿಸ್ಟರ್ ಹತ್ತಿಯಲ್ಲಿ ತೆಳು ವಿನೆಗರ್ ಅದ್ದಿ ಹಚ್ಚಿದಳು. ಅದು ತಾಗಿದ ಮೇಲೆ ಒಂದು ನಿಮಿಷ ಕಾಯಬೇಕು, ಕೆಟ್ಟ ಜಾಗವಿದ್ದರೆ ಅಷ್ಟರಲ್ಲಿ ಬೆಳ್ಳಗಾಗುತ್ತದೆ. ಆಗಲೇ ನನ್ನ ಬಲ್ಬು ಮಿಣಕ್ ಮಿಣಕ್ ಎನ್ನತೊಡಗಿತು.

"ಏನೂ ಇಲ್ಲಲ್ರಿ? ಇಳೀಲೇನು?"

"ಸುಮ್ಮ ಮಕ್ಕೊ. ನಿಮಿಷ ಆಗಿಲ್ಲ."

ನಾನು ಆರಿದರೆ ಇವಳು ಸೀರೆ ಸರಿಮಾಡಿಕೊಂಡು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಸಿಸ್ಟರ್ ನನ್ನ ತಲೆಗೊಂದು ಏಟು ಹಾಕಿದಳು. ಕೈ ಸುಟ್ಟಿರಬೇಕು. ನನ್ನ ಬಲ್ಬಿನೊಳಗಿನ ಎಳೆ ಕಂಪಿಸಿತು, ಆದರೂ ಹಿಡಿದುಕೊಂಡೆ. ಮೂವತ್ತು. ನಲವತ್ತು. ಐವತ್ತು ದಾಟಿದಾಗ ಮೂಲೆಯಲ್ಲಿ ಬೆಳ್ಳಗೆ ಒಂದು ಚೂರು ಎದ್ದಿತು. ಅಂಚು ಕೊರೆದಿಟ್ಟಂತಿತ್ತು. ಅಪ್ಪನ ಹಾಗೆಯೇ ಮಗಳೂ ರೆಪ್ಪೆ ಮಿಟುಕಿಸದೆ ನೋಡಿದಳು. "ಕಂಡೆ" ಎಂದಳು. ಆಮೇಲೆ ನಾನು ಪಟ್ಟನೆ ಆರಿಹೋದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಆ ಚೂರಿನಿಂದ ಮಾಂಸ ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಾಗಿತ್ತು. ಹೆಪ್ಪುಗಟ್ಟಿಸುವಷ್ಟು ತಣ್ಣನೆಯ ಉಪಕರಣ ತಾಗಿಸಿ ಅದನ್ನು ಅಲ್ಲೇ ಸಾಯಿಸಿದರು. ವರ್ಷದ ನಂತರ ಹೊಸ ಬಲ್ಬಿನ ಬೆಳಕಿನಲ್ಲಿ ನಾನೇ ನೋಡಿದೆ. ಎಲ್ಲ ಕಡೆ ನಸುಗೆಂಪು, ಬಿಳಿ ಎಲ್ಲೂ ಇಲ್ಲ.

ಈಗ ಕೋಣೆಗೆ ಬೆಳ್ಳನೆಯ ಎಲ್‌ಇಡಿ ದೀಪ ಬಂದಿದೆ. ಅದರ ತಲೆ ಬಿಸಿಯಾಗುವುದಿಲ್ಲವಂತೆ. ಆಗದಿದ್ದರೆ ಬಿಡಲಿ. ನನ್ನ ಕುತ್ತಿಗೆ ಸಡಿಲಾಗಿ, ಸ್ಟೋರಿನಲ್ಲಿ ಮುರಿದ ತೂಕದ ಯಂತ್ರದ ಪಕ್ಕ ಬಿದ್ದಿದ್ದೇನೆ. ಗೋಡೆಯಾಚೆ ಹೆಂಗಸರು ಕೂರುವ ಬೆಂಚು. ವಾರಕ್ಕೊಮ್ಮೆ ಶಿವಗಂಗವ್ವ ಓಣಿಯ ಯಾರನ್ನಾದರೂ ಎಳೆದುಕೊಂಡು ಬರುತ್ತಾಳೆ. ಇವತ್ತೂ ಬಂದಿದ್ದಾಳೆ. ಜತೆಯವಳು ಎದ್ದ ಸದ್ದು, ಚಪ್ಪಲಿ ಹುಡುಕುವ ಸದ್ದು ಕೇಳಿಸಿತು.

"ನಾ ವಲ್ಲೆಬೇ ಯಕ್ಕಾ, ಹೊಕ್ಕೇನಿ."

"ಹೋಗೀಯಂತ," ಎಂದಳು ಶಿವಗಂಗವ್ವ. "ಒಂದ ನಿಮಿಷ ಕುಂದ್ರು."

ಬೆಂಚು ಕಿರುಗುಟ್ಟಿತು. ಕೂತಳು.