ಇಪ್ಪತ್ತೆರಡು ಡಿಗ್ರಿಯ ಗಿಡ

ಹಲೀಮಮ್ಮ ನಾಲ್ಕನೆಯ ಸಲ ಎದ್ದು ಬಾಗಿಲತ್ತ ಹೊರಟಾಗ ಮಗಳು ನಶ್ವಾ ಅವಳ ರಟ್ಟೆ ಹಿಡಿದು ಕೂರಿಸಿದಳು. ಬಹರೈನಿನ ರಿಫಾದ ಆ ಚಿಕ್ಕ ಫ್ಲ್ಯಾಟಿನ ಹಾಲಿನಲ್ಲಿ ಬಾವ ಎಂಬ ಹೆಸರಿನ ಅವಳ ಗಂಡನ ಮಯ್ಯತ್ತನ್ನು ಮಲಗಿಸಿದ್ದರು, ಸುತ್ತ ಗಂಡಸರು. ಗಂಡ ತೀರಿದ ಮೇಲಿನ ಇದ್ದತ್ತಿಗೆ ಕೂತ ಹೆಂಗಸು ಪರಗಂಡಸರ ಎದುರು ಹೋಗುವಂತಿಲ್ಲ. ಒಳಕೋಣೆಯಲ್ಲಿ ಹೆಂಗಸರಿಗೆ ಜಾಗ ಸಾಲದೆಂದು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಬಾವನ ಕಾಫಿ ಗಿಡವನ್ನು ಕುಂಡದ ಸಮೇತ ಹಾಲಿನಾಚೆಯ ಬಾಲ್ಕನಿಗೆ ಸಾಗಿಸಿದ್ದರು. ಹೊರಗೆ ಮೇ ತಿಂಗಳ ಬಿಸಿಲು.

"ಗಿಡ ಸುಟ್ಟು ಹೋಗ್ತದೆ ಮಗಾ."

"ಉಪ್ಪನೇ ಹೋದ್ರು, ಇನ್ನು ಗಿಡ ಯಾಕೆ ಉಮ್ಮಾ?" ಎಂದು ನಶ್ವಾ ಅತ್ತಳು. ಹಲೀಮಮ್ಮನಿಗೂ ಅಳು ಒತ್ತಿ ಬಂತು. ಆದರೂ ಮನಸ್ಸು ಬಾಲ್ಕನಿಯ ಕಡೆಗೇ ಇತ್ತು.

*

ಬಾವ ಊರಲ್ಲಿದ್ದಾಗ ಚಿಕ್ಕಮಗಳೂರಿನಿಂದ ಮಂಗಳೂರಿಗೆ ಕಾಫಿ ಲಾರಿ ಓಡಿಸಿದವನು. ಇಲ್ಲಿಗೆ ಬಂದ ಮೇಲೆ ಊರಿನಿಂದ ಕಾಫಿ ಸಸಿ ತರಿಸಿ ನೆಟ್ಟ. ಅರೇಬಿಕಾ ಗುಡ್ಡದ ತಂಪಿನ ಗಿಡ, ಬಹರೈನಿನಲ್ಲಿ ಬದುಕಿದ ಹಾಗೇ ಎಂದು ಎಲ್ಲರೂ ನಕ್ಕಿದ್ದರು. ಮೂರು ಸಸಿ ಸತ್ತವು. ನಾಲ್ಕನೆಯದನ್ನು ಹಟ ಹಿಡಿದು ಮಂಚದ ಪಕ್ಕ ಎಸಿಯಲ್ಲೇ ಸಾಕಿದ. ರಿಮೋಟು ಇಪ್ಪತ್ತೆರಡು ದಾಟಕೂಡದು. ನನಗಿಂತ ಅದೇ ಹೆಚ್ಚಾಯಿತೇ ಎಂದು ಹಲೀಮಮ್ಮ ಚಳಿಯಲ್ಲಿ ಗೊಣಗುತ್ತಿದ್ದಳು. ವರ್ಷವರ್ಷವೂ ಹೂ ಬಿಡುವುದು, ಕಪ್ಪಾಗಿ ಉದುರುವುದು. ಈ ಸಲ ಒಂದೇ ಗೆಲ್ಲಿನಲ್ಲಿ ಐದು ಕಾಯಿ ನಿಂತವು. ಒಂದಕ್ಕೆ ಮೊನ್ನೆಯಷ್ಟೇ ಕೆಂಪು ಹತ್ತಿತ್ತು.

ಆಸ್ಪತ್ರೆಯಲ್ಲಿ ಬಾವ ಕೊನೆಗೆ ಹೇಳಿದ್ದೂ ಅದನ್ನೇ. "ಹಣ್ಣಾಗದೆ ಕೊಯ್ಬೇಡ. ಇಲ್ಲೇ ಹುಟ್ಟಿದ ಬೀಜ, ಈ ಸೆಕೆ ತಡ್ಕೊಂಡೀತು." ಅವಳು ಅವನ ಕೈ ಹಿಡಿದು ಆಯಿತು ಎಂದಿದ್ದಳು.

*

ಮಯ್ಯತ್ತು ಮೆಟ್ಟಿಲಿಳಿದದ್ದೇ ಹಲೀಮಮ್ಮ ಬಾಲ್ಕನಿಗೆ ಓಡಿದಳು. ಎಲೆಗಳು ಬಾಡಿ ಜೋತಿದ್ದವು. ಕಾಯಿ ಇದ್ದ ಗೆಲ್ಲು ಇರಲಿಲ್ಲ, ಮುರಿದ ಜಾಗ ಇನ್ನೂ ಹಸಿಯಾಗಿತ್ತು.

ಮಗ ಸವಾದ್ ಕಬರಸ್ಥಾನದಿಂದ ಬರುವವರೆಗೆ ಅವಳು ಕೂತಲ್ಲಿ ಕೂರಲಿಲ್ಲ. ಅವನ ಉಗುರಿನಲ್ಲಿ ಮಣ್ಣಿತ್ತು.

"ಕಬರಿನ ಮೇಲೆ ಹಸಿರು ಗೆಲ್ಲು ಊರ್ತಾರಲ್ವಾ ಉಮ್ಮಾ? ಉಪ್ಪನ ಗಿಡದ್ದೇ ಇರಲಿ ಅಂತ ಚಂದದ್ದು ನೋಡಿ ಮುರಿದೆ."

ಬೈಯಲು ಬಾಯಿ ತೆರೆದವಳು ಮಗನ ಮುಖ ನೋಡಿ ತಡೆದುಕೊಂಡಳು. ಬಾವನ ಕೊನೆಯ ಮಾತನ್ನಷ್ಟೇ ಹೇಳಿದಳು. ಸವಾದ್ ಕಾರಿನ ಕೀ ಹಿಡಿದು ಬಂದ ದಾರಿಯಲ್ಲೇ ಓಡಿದ.

ಮುಸ್ಸಂಜೆಯ ಮಗ್ರಿಬಿನ ಬಾಂಗಿಗೆ ಮರಳಿ ಬಂದು ಕರ್ಚೀಫು ಬಿಚ್ಚಿದ. ನಾಲ್ಕು ಎಳೆಕಾಯಿ, ಒಂದು ಹಣ್ಣು. "ಗೆಲ್ಲು ಅಲ್ಲೇ ಇರಲಿ ಅಂತ ಬಿಟ್ಟೆ," ಎಂದ.

ಹಲೀಮಮ್ಮ ಹಣ್ಣನ್ನು ಬಾಯಿಗಿಟ್ಟು ಚೀಪಿದಳು. ಸಿಹಿಯಿತ್ತು. ನಾಲಿಗೆಗೆ ಸಿಕ್ಕ ಎರಡು ಬೀಜಗಳನ್ನು ಅದೇ ಕುಂಡದ ಮಣ್ಣಿಗೆ ಬೆರಳಿನಿಂದ ಒತ್ತಿದಳು. ಕುಂಡವನ್ನು ಮಂಚದ ಪಕ್ಕ, ಬಾವ ಮಲಗುತ್ತಿದ್ದ ಬದಿಗೆ ಎಳೆದು, ರಿಮೋಟು ಹುಡುಕಿ ಇಪ್ಪತ್ತೆರಡಕ್ಕಿಟ್ಟು, ಶಾಲು ಹೊದ್ದು ಕೂತಳು.