ಹಸಿ ಅಂಗಳ, ಪೂನಮಳ ಬಲಗೈ

ಗುರುನಾಥನ ಬೈಕಿನ ಹಿಂದಿನ ಗಾಲಿ ಪಂಕ್ಚರ್ ಆಗಲು ಅಮಾವಾಸ್ಯೆಯ ದಿನವನ್ನೇ ಹುಡುಕಿಕೊಂಡಿತ್ತು. ಅಮಾವಾಸ್ಯೆ ಎಂದರೆ ಚಚಡಿಯಲ್ಲಿ ಎತ್ತಿಗೂ ರಜೆ, ಗ್ಯಾರೇಜಿನವನಿಗೂ ರಜೆ. ಊರಿನ ಗಾಡಿಗಳೆಲ್ಲ ಅವತ್ತು ಮೈತೊಳೆದು, ಕುಂಕುಮ ಹಚ್ಚಿಸಿಕೊಂಡು ಬಾಗಿಲ ಮುಂದೆ ನಿಲ್ಲುತ್ತವೆ.

ಗುರುನಾಥನ ತಾಯಿ ಶೆಟ್ಟೆವ್ವ ಬೆಳಗಾಗುವ ಮೊದಲೇ ಎದ್ದಿದ್ದಳು. ಬೈಕಿಗೆ ನಾಲ್ಕು ಕೊಡ ನೀರು ಸುರಿದು ತೊಳೆದಳು. ಎರೆಮಣ್ಣಿನ ಅಂಗಳಕ್ಕೆ ದಂಡಿಯಾಗಿ ಸಗಣಿ ನೀರಿನ ಥಳಿ ಹೊಡೆದಳು. ಅಂಗಳ ಚೆಂದವೇನೋ ಆಯಿತು, ಆದರೆ ಕಾಲಿಟ್ಟಲ್ಲಿ ಹೆಜ್ಜೆ ಮೂಡುವಷ್ಟು ಹಸಿಯಾಗಿತ್ತು.

"ಗಾಲಿ ಬಿಚ್ಚೂದು ಏನ ದೊಡ್ಡ ಕೆಲಸ? ನಾನ ಬಿಚ್ಚತೇನಿ," ಎಂದ ಗುರುನಾಥ. ನಮ್ಮ ಗಂಡಸರ ಕೈಗೆ ಒಂದು ಪಾನಾ ಸಿಕ್ಕರೆ ಮುಗಿಯಿತು, ಲೋಕದ ನಟ್ಟುಗಳೆಲ್ಲ ತಮ್ಮವೇ ಎಂದುಕೊಳ್ಳುತ್ತಾರೆ! ಹಸಿ ನೆಲದಲ್ಲೇ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಎಳೆದ. ಸ್ಟ್ಯಾಂಡಿನ ಒಂದು ಕಾಲು ಮಣ್ಣಿಗೆ ಇಳಿಯಿತು. ಅದರ ಕೆಳಗೊಂದು ಇಟ್ಟಂಗಿ ತುರುಕಿದ.

ಅಷ್ಟರಲ್ಲಿ ಆಚೆ ಮನೆಯ ಸಂಘಮಿತ್ರಾ ಹಾದುಹೋದಳು. ಸವದತ್ತಿಯ ಬೈಕ್ ಸರ್ವಿಸಿನಲ್ಲಿ ಮೂರು ವರ್ಷದಿಂದ ಕೆಲಸ ಮಾಡುವ ಹುಡುಗಿ. ನೋಡಿದವಳೇ ನಿಂತಳು.

"ಅಣ್ಣಾರ, ಇಲ್ಲಿ ಬ್ಯಾಡ್ರಿ. ನೆಲಾ ಹಸಿ ಐತಿ. ಇಟ್ಟಂಗಿ ಒಡದ್ರ ಗಾಡಿ ಮ್ಯಾಲ ಬೀಳತೈತಿ. ನಮ್ಮ ಮನಿ ಮುಂದ ಸಿಮೆಂಟ್ ನೆಲ ಐತಿ, ಅಲ್ಲಿಗೆ ತರ್ರಿ."

"ನೀ ನಿನ್ನ ಕೆಲಸಾ ನೋಡವಾ," ಎಂದು ಗುರುನಾಥ ನಕ್ಕ.

ಶೆಟ್ಟೆವ್ವನಿಗೆ ಸಿಟ್ಟೇ ಬಂತು. "ಅಮಾಸಿ ದಿನಾ ಬಾಯಾಗ ಏನ ಮಾತ ಬೇ ಇದು? ಬೀಳತೈತಿ, ಒಡೀತೈತಿ ಅಂತ! ಒಳ್ಳೇದ ನುಡಿ."

ಸಂಘಮಿತ್ರಾ ಮುಖ ಸಣ್ಣದು ಮಾಡಿಕೊಂಡು ಹೋದಳು. ಅಪಶಕುನ ದೂರವಾಯಿತು ಎಂದುಕೊಂಡಳು ಶೆಟ್ಟೆವ್ವ.

ನಟ್ಟು ತುಕ್ಕು ಹಿಡಿದಿತ್ತು. ಗುರುನಾಥ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಜಗ್ಗತೊಡಗಿದ. ಬೈಕು ಹೊಯ್ದಾಡಿತು. ಒಳಗೆ ಸೊಸೆ ಪೂನಮ್ ಸಾಲಿ ಹುಡುಗರ ಅಂಗಿ ಹೊಲಿಯುತ್ತಿದ್ದಳು. ಮಷಿನ್ನಿನ ಸದ್ದು ಹೊರಗೆ ಕೇಳುತ್ತಿತ್ತು.

"ಪೂನಮ್, ಬಾರವಾ! ಹಿಂದಿನ ಕ್ಯಾರಿಯರ್ ಗಟ್ಟಿ ಹಿಡ್ಕೋ. ಗಂಡಗ ಒಂದೀಟು ಆಸರಾಗು," ಎಂದು ಕೂಗಿದವಳು ಶೆಟ್ಟೆವ್ವನೇ.

ಪೂನಮ್ ಕತ್ತರಿ ಇಟ್ಟು ಬಂದಳು. ಹಿಡಿದಳು. ಗುರುನಾಥ ಮತ್ತೊಮ್ಮೆ ಮೈಭಾರ ಬಿಟ್ಟು ಜಗ್ಗಿದ. ಕೆಳಗೆ ಇಟ್ಟಂಗಿ ಎರಡು ಹೋಳಾಯಿತು. ನೂರು ಕಿಲೋ ದಾಟಿದ ಗಾಡಿ ಬಾಗಿಲ ಪಕ್ಕದ ಕಲ್ಲಿನ ಕಟ್ಟೆಯ ಕಡೆ ವಾಲಿತು. ಬಿಡಬೇಕಿತ್ತು ಪೂನಮ್. ಆದರೆ ಅತ್ತೆ ಗಟ್ಟಿ ಹಿಡಿ ಎಂದಿದ್ದಳಲ್ಲ, ಅವಳು ಬಿಡಲಿಲ್ಲ. ಕ್ಯಾರಿಯರಿನ ಕಬ್ಬಿಣಕ್ಕೂ ಕಟ್ಟೆಯ ಕಲ್ಲಿಗೂ ನಡುವೆ ಅವಳ ಬಲಗೈ ಸಿಕ್ಕಿತು.

"ಅಯ್ಯೋ ನನ ಶಿವನ!" ಎಂದು ಶೆಟ್ಟೆವ್ವ ಚೀರಿದಳು.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಎರಡು ಸಲ ಕೈಗೆ ಆಪರೇಶನ್ ಮಾಡಿದರು. ಬೆರಳು ಉಳಿದವು. ಆದರೆ ಮೂರು ಬೆರಳು ಇನ್ನು ಮಡಚುವುದಿಲ್ಲ, ಸೂಜಿ ಹಿಡಿಯುವ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದರು. ಹೊಲಿಗೆಯಲ್ಲೇ ಜೀವ ಇಟ್ಟುಕೊಂಡಿದ್ದ ಹುಡುಗಿಗೆ ಆ ಮಾತು ಹೇಳುವಾಗ ಅವರೂ ಮುಖ ನೋಡಲಿಲ್ಲ.

ನಾಲ್ಕು ತಿಂಗಳಾದವು. ಪೂನಮ್ ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುವುದನ್ನು ಕಂಡರೆ ಶೆಟ್ಟೆವ್ವ ತನ್ನ ತಾಟು ಸರಿಸಿ ಎದ್ದುಬಿಡುತ್ತಿದ್ದಳು. ಮಷಿನ್ನಿನ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಹೊಲಿಗೆ ಕೆಲಸ ಕೊಟ್ಟಿದ್ದ ಮಹಿಳಾ ಸಂಘದ ಹೆಂಗಸರು ಅರ್ಧ ಹೊಲಿದ ಅಂಗಿಗಳನ್ನು ಸದ್ದಿಲ್ಲದೆ ಒಯ್ದರು. ಸೊಸೆ ಒಂದು ದಿನವಾದರೂ ಬೈಯಬಾರದೇ ಎಂದು ಶೆಟ್ಟೆವ್ವ ಹಂಬಲಿಸಿದಳು. ಬೈದಿದ್ದರೆ ಎದೆಯ ಭಾರ ಕಡಿಮೆಯಾಗುತ್ತಿತ್ತು. ಪೂನಮ್ ಬೈಯಲಿಲ್ಲ.

ಒಂದು ದಿನ ಮತ್ತೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಗುರುನಾಥ ಪಾನಾ ಮುಟ್ಟಲಿಲ್ಲ. ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತ. ಶೆಟ್ಟೆವ್ವನೇ ಸಂಘಮಿತ್ರಾಳ ಮನೆಗೆ ಹೋದಳು.

"ಅವತ್ತ ನಿನ್ನ ಬಾಯಿ ಮುಚ್ಚಿಸಿದಾಕಿ ನಾನ. ಇವತ್ತ ಹೇಳಿಕೊಡ ಬಾರವಾ. ಯಾ ಮುಖಾ ಇಟ್ಕೊಂಡು ಕೇಳಲಿ?"

"ಹಂಗ ಅನಬ್ಯಾಡ ದೊಡ್ಡವ್ವ, ನಡಿ," ಎಂದು ಹುಡುಗಿ ಎದ್ದೇ ಬಂದಳು.

ಬಂದವಳು ಮೊದಲು ಅಂಗಳದ ನೆಲವನ್ನು ಕಾಲಿನಿಂದ ಒತ್ತಿ ನೋಡಿದಳು, ಇವತ್ತು ಒಣಗಿತ್ತು. "ಸಪಾಟ, ಗಟ್ಟಿ, ಒಣಾ ನೆಲ ಬೇಕ್ರಿ. ಗಾಡಿ ಬಂದ್ ಇರಬೇಕು, ಇಂಜಿನ್ ತಣ್ಣಗಾಗಿರಬೇಕು. ಅಣ್ಣಾರ, ಗಟ್ಟಿ ನಟ್ಟು ಎರಡೂ ಗಾಲಿ ನೆಲದ ಮ್ಯಾಲಿದ್ದಾಗನ ಸಡಿಲ ಮಾಡ್ಕೋಬೇಕು. ಸ್ಟ್ಯಾಂಡಿಗೆ ಏರಿಸಿದ ಮ್ಯಾಲ ಜಗ್ಗಿದ್ರ ಗಾಡಿ ಹಾರಿ ಬೀಳತೈತಿ."

ಗುರುನಾಥ ನಟ್ಟು ಅರ್ಧ ಸುತ್ತು ಸಡಿಲಿಸಿದ.

"ಇನ್ನ ಡಬಲ್ ಸ್ಟ್ಯಾಂಡ್. ಏರಿಸಿದ ಮ್ಯಾಲ ಮುಂದಿನ ಗಾಲಿಗೆ ಹಿಂದ ಮುಂದ ಕಲ್ಲು ಕೊಡ್ರಿ. ಮುಂದಿನ ಬ್ರೇಕ್ ಒತ್ತಿ ಹಗ್ಗದ್ಲೆ ಹ್ಯಾಂಡಲ್ಲಿಗೆ ಬಿಗಿರಿ, ಗಾಡಿ ಉರಳಂಗಿಲ್ಲ. ಸೈಡ್ ಸ್ಟ್ಯಾಂಡ್ ಮ್ಯಾಲ ಗಾಲಿ ಎಂದೂ ತಗೀಬ್ಯಾಡ್ರಿ."

"ಮತ್ತ ಮುಂದಿನ ಗಾಲಿ ತಗೀಬೇಕಾದ್ರ?" ಎಂದು ಗುರುನಾಥ ಮೆಲ್ಲಗೆ ಕೇಳಿದ.

"ಅದಕ್ಕ ಇಂಜಿನ್ ಕೆಳಗ ಬ್ಯಾರೆ ಆಸರ ಕೊಡಬೇಕಾಕ್ಕೈತಿ. ಎಲ್ಲಿ ಕೊಡಬೇಕು ಗೊತ್ತಿರಲಿಲ್ಲಂದ್ರ ಸುಮ್ಮನ ಮೆಕ್ಯಾನಿಕ್ಕಿಗೆ ಬಿಡ್ರಿ. ನಿಮ್ಮದು ಎರಿಮಣ್ಣಿನ ಅಂಗಳ, ಸ್ಟ್ಯಾಂಡ್ ಇಳೀತೈತಿ. ಎರಡೂ ಕಾಲಿಗೆ ಕೂಡಿ ಒಂದ ಅಗಲ, ದಪ್ಪ ಹಲಗಿ ಬೇಕು. ಇಟ್ಟಂಗಿ ನಡಿಯಂಗಿಲ್ಲ. ಅಂಥಾ ಹಲಗಿ ಐತೇನ ದೊಡ್ಡವ್ವ?"

ಶೆಟ್ಟೆವ್ವ ಹಿತ್ತಲು, ಅಟ್ಟ ಎಲ್ಲ ಹುಡುಕಲು ಹೊರಟಳು. ಅಷ್ಟರಲ್ಲಿ ಪೂನಮ್ ಒಳಗಿನಿಂದ ಹೊರಬಂದಳು. ಎಡ ಕಂಕುಳಲ್ಲಿ ಬೇವಿನ ಹಲಗೆ ಅವಚಿಕೊಂಡಿದ್ದಳು. ಅವಳು ದಿನಾ ಬಟ್ಟೆ ಕತ್ತರಿಸುತ್ತಿದ್ದ ಹಲಗೆ ಅದು. ಮೇಲೆ ಇನ್ನೂ ಅಳತೆಯ ನೀಲಿ ಗೆರೆಗಳಿದ್ದವು.

"ಇದನ್ನ ಹಾಕ್ರಿ. ನನಗ ಇನ್ನ ಯಾಕ ಬೇಕು?"

ಸಂಘಮಿತ್ರಾ ಹಲಗೆ ಹಾಕಿ, ಬೈಕಿನ ಸ್ಟ್ಯಾಂಡನ್ನು ಅದರ ಮೇಲೆ ಏರಿಸಿ, ಕಲ್ಲು ಕೊಟ್ಟು ಬ್ರೇಕ್ ಕಟ್ಟಿದಳು. ಮೆಲ್ಲಗೆ ಆಚೆ ಈಚೆ ನೂಕಿ ನೋಡಿದಳು. ಅಲುಗಾಡಲಿಲ್ಲ. ಗುರುನಾಥ ಗಾಲಿ ತೆಗೆದ. ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ. ಗಾಡಿ ತನ್ನಷ್ಟಕ್ಕೆ ನಿಂತಿತ್ತು.

ಶೆಟ್ಟೆವ್ವ ಅದನ್ನೇ ದಿಟ್ಟಿಸಿದಳು. "ಇಷ್ಟ ಏನವಾ? ಎರಡ ಕಲ್ಲು, ಒಂದ ಹಗ್ಗ, ಒಂದ ಹಲಗಿ? ಆ ಹಲಗಿ ಅವತ್ತೂ ನಮ್ಮ ಮನ್ಯಾಗನ ಇತ್ತಲ್ಲ!"

ಅಲ್ಲೇ ಕುಸಿದು ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗುರುನಾಥನೂ ಅತ್ತ. "ಇನ್ನ ಮುಂದ ಹಿಂಗ ಮಾಡತೇನಿ ಯವ್ವಾ, ಯಾರನ್ನೂ ಗಾಡಿ ಹಿಡಿಯಾಕ ಕರಿಯಂಗಿಲ್ಲ," ಎಂದ. ಆ ಮಾತನ್ನು ಇವತ್ತಿಗೂ ನಡೆಸಿದ್ದಾನೆ. ಆದರೆ ಪೂನಮಳ ಬೆರಳು ಮಡಚುವುದಿಲ್ಲ. ಮಷಿನ್ನಿನ ಮೇಲಿನ ಸೀರೆಯನ್ನು ಯಾರೂ ತೆಗೆದಿಲ್ಲ.

ಈಗ ಅಮಾವಾಸ್ಯೆ ಬಂದರೆ ಶೆಟ್ಟೆವ್ವ ಓಣಿ ತುಂಬ ತಿರುಗುತ್ತಾಳೆ. ಯಾರಾದರೂ ಗಾಲಿ ಬಿಚ್ಚಲು ಕುಳಿತಿದ್ದರೆ ನಿಂತು ನೆಲ ನೋಡುತ್ತಾಳೆ, ಹಸಿಯಿದ್ದರೆ ಬೇಡ ಎನ್ನುತ್ತಾಳೆ. ಮೊನ್ನೆ ಗಾಲಿ ಬಿಚ್ಚುತ್ತಿದ್ದ ಓಣಿಯ ಜಟ್ಟೆಪ್ಪ ಅವಳ ಮೇಲೆ ರೇಗಿದ, "ಆಯಿ, ಅಮಾಸಿ ದಿನಾ ಅಪಶಕುನ ನುಡೀಬ್ಯಾಡ."

ಶೆಟ್ಟೆವ್ವ, ಗಾಡಿ ಹಿಡಿದು ನಿಂತಿದ್ದ ಅವನ ಹೆಂಡತಿ ಮಂಜುಳಾಳ ಎರಡೂ ಕೈ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಜಟ್ಟೆಪ್ಪ ತಲೆ ತಗ್ಗಿಸಿ ಪಾನಾ ಕೆಳಗಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ನಾಳೆ ಗಾಲಿ ಬಿಚ್ಚುವ ದಿನ ಬರುತ್ತದೆ. ಥಳಿ ಹೊಡೆದ ನೆಲ ಒಣಗಲಿ. ಹಲಗೆ ಹಾಕಿ, ಕಲ್ಲು ಕೊಡಿ, ಬ್ರೇಕ್ ಕಟ್ಟಿ, ಅಲುಗಾಡಿಸಿ ನೋಡಿ. ಗಾಡಿ ಹಿಡಿದು ನಿಲ್ಲಲು ಮನೆಯವರನ್ನು ಕರೆಯಬೇಡಿ. ಗಾಡಿ ಬೀಳುತ್ತಿದ್ದರೆ ಬೀಳಲಿ, ಕೈಬಿಟ್ಟು ಹಿಂದೆ ಸರಿಯಿರಿ. ಬಿದ್ದ ಬೈಕನ್ನು ಸವದತ್ತಿಯಲ್ಲಿ ರಿಪೇರಿ ಮಾಡುತ್ತಾರೆ. ಪೂನಮಳ ಕೈಯನ್ನು ಯಾವ ಊರಲ್ಲೂ ಮಾಡಿಕೊಡಲಿಲ್ಲ.