ಗೌರವ್ವನ ಮನೆಯ ಸಣಬು

ಆ ವರ್ಷ ದೀವಳಿಗೆಯ ಹೊತ್ತಿಗೆ ಕಡಲ ಕಡೆ ದೊಡ್ಡ ಬಿರುಗಾಳಿ ಎದ್ದಿತು. ಗೋಕಾಕದ ಸೀಮೆಯ ಕಲ್ಲೋಳಿ ಹಳ್ಳಿಯ ಮಟ್ಟಿಗೆ ಅದು ಒಂದು ದಿನದ ಮೋಡ, ಒಂದಿಷ್ಟು ತುಂತುರು, ಅಷ್ಟೇ. ಆದರೆ ಘಟ್ಟ ಇಳಿದು ಅಂಕೋಲೆಯ ಆಚೆ, ಮೀನುಗಾರರ ಕೇರಿಗಳಲ್ಲಿ ಗುಡಿಸಲುಗಳು ಹಾರಿಹೋದವು, ದೋಣಿಗಳು ಒಡೆದವು ಎಂದು ಗೋಕಾಕದ ಸಂತೆಯಲ್ಲಿ ಸುದ್ದಿ ಹಬ್ಬಿತು.

ಗೋಕಾಕದಲ್ಲಿ ನಾಲ್ಕಾರು ಮಂದಿ ಕೂಡಿ ಒಂದು ಸಹಾಯ ಮಂಡಳಿ ಕಟ್ಟಿಕೊಂಡಿದ್ದರು. ಅದಕ್ಕೆ ಕಚೇರಿ ಇರಲಿಲ್ಲ, ಪಗಾರದ ಆಳೂ ಇರಲಿಲ್ಲ. ಅವರಲ್ಲೊಬ್ಬನಾದ ದುಂಡಪ್ಪನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಾಡುವರು, ಎದ್ದು ಊರೂರಿಗೆ ಹೋಗುವರು. ಅವರು ಕೇಳಿದಾಗ ಯಾರೂ ಹಿಂದೆಗೆಯಲಿಲ್ಲ. ಕಲ್ಲೋಳಿಯವರು ಜೋಳ ಕೊಟ್ಟರು, ಕಂಬಳಿ ಕೊಟ್ಟರು, ಬುಟ್ಟಿ ಬುಟ್ಟಿ ಕಟಕ ರೊಟ್ಟಿ ಬಡಿದು ಕಟ್ಟಿದರು. ಗಾಡಿ ಊರ ಅಗಸೆಬಾಗಿಲು ದಾಟಿತು. ಎಲ್ಲರೂ ನಮ್ಮ ಕೆಲಸ ಮುಗಿಯಿತು ಎಂದುಕೊಂಡು ತಮ್ಮ ತಮ್ಮ ಹೊಲಕ್ಕೆ ಹೋದರು. ಕೊಡುವವರು ಒಮ್ಮೆ ಕೊಟ್ಟು ಮರೆಯುತ್ತಾರೆ. ಕಳೆದುಕೊಂಡವರಿಗೆ ಮರೆಯಲು ಬರುವುದಿಲ್ಲ.

ಹೀಗಾಗಿ ಒಂದು ಸಂಜೆ ದುಂಡಪ್ಪ ಮತ್ತೆ ಬಂದು ಬಾಗಿಲಲ್ಲಿ ನಿಂತಾಗ ಗೌರವ್ವನಿಗೆ ಅಚ್ಚರಿಯಾಯಿತು.

ಗೌರವ್ವ ಕಲ್ಲೋಳಿಯಲ್ಲಿ ತನ್ನ ಓಣಿಗೆ ಹಿರಿಯಳು. ಗಂಡ ಹೋದ ಮೇಲೆ ಮಗ ಸೋಮಪ್ಪನನ್ನು ಮುಂದಿಟ್ಟುಕೊಂಡು ಒಕ್ಕಲುತನ ನಡೆಸಿದವಳು. ಬೆಳಿಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವಳಲ್ಲ. ಗೋಕಾಕದ ಪೇಟೆಯಲ್ಲಿ ಮೀನು ಮಾರುವ ಸಾಲು ಬಂದರೆ ಸೆರಗು ಮೂಗಿಗೆ ಒತ್ತಿಕೊಂಡು ಸುತ್ತು ಹಾಕಿ ಹೋಗುವಳು. ಅವಳ ಹೊಲದಲ್ಲಿ ವರ್ಷವೂ ಸಣಬು ಬೆಳೆಯುತ್ತಿತ್ತು. ಆ ನಾರಿನ ಹಗ್ಗ ಎಳೆದರೆ ಎತ್ತು ಸೋಲಬೇಕು, ಹಗ್ಗ ಸೋಲುವುದಿಲ್ಲ ಎಂದು ಓಣಿಯವರು ಹೇಳುತ್ತಿದ್ದರು.

“ಏನೋ ದುಂಡಪ್ಪಾ, ಮತ್ತ ಬಂದಿ? ರೊಟ್ಟಿ ಸಾಲಲಿಲ್ಲೇನ?” ಎಂದಳು.

“ರೊಟ್ಟಿ ಸಾಲಿದೂರಿ ಕಾಕು, ಅವರಿಗಿ ಹಲ್ಲು ಸಾಲಲಿಲ್ಲ. ಅನ್ನ ಉಣ್ಣೂ ಮಂದಿ. ಒಬ್ಬಾಕಿ ಮುದುಕಿ ನಮ್ಮ ಕಟಕ ರೊಟ್ಟಿ ಹಿಡದು, ಇದನ್ನ ಎದರಿಂದ ಒಡಿಬೇಕಪ್ಪಾ ಅಂತ ಕೇಳಿದ್ಲು.”

ಎದುರು ಕಟ್ಟೆಯ ಮೇಲೆ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ ಕುರುಬರ ಯಲ್ಲವ್ವ ಗೊಳ್ಳೆಂದು ನಕ್ಕಳು. “ನಮ್ಮ ಕಂಬಳೀನರ ಉಪಯೋಗಕ್ಕ ಬಂದೂವೋ, ಅವನ್ನೂ ಒಡದು ನೋಡಿದ್ರೋ?”

“ಬಂದೂ ಯಕ್ಕಾ. ಸೂರಿಲ್ಲದ ಮನಿಗಿ ಅವನ್ನ ಹೊದಸ್ಯಾರ.” ದುಂಡಪ್ಪ ಪಕ್ಕಕ್ಕೆ ಸರಿದ. ಅವನ ಹಿಂದೆ ಒಬ್ಬ ಮುದುಕ ನಿಂತಿದ್ದ. ಕರ್ರಗಿನ ತೆಳು ಮೈ, ಹೆಗಲ ಮೇಲೊಂದು ಪಂಜೆ. “ಇವರು ಗಣಪು. ಆ ಕೇರಿಯ ಹಿರೇರು. ಮೊದಲನೇ ಸಲ ನಾವು ಏನೂ ಕೇಳದನ ಗಾಡಿ ಹೇರಿಕೊಂಡು ಹೋದ್ವಿ. ಇದು ನಮ್ಮ ತಪ್ಪು. ಈ ಸಲ ಕೇಳಿದ್ವಿ, ನಿಮಗ ಏನು ಬೇಕು ಅಂತ. ಇವರನ್ನ ಕರಕೊಂಡs ಬಂದ್ವಿ.”

ಗೌರವ್ವ ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು. “ಕೂಡ್ರಿ ಅಣ್ಣಾ. ಏನು ಬೇಕು ಹೇಳ್ರಿ.”

ಗಣಪು ನೀರು ಕುಡಿದು ಬಾಯಿ ಒರೆಸಿಕೊಂಡ. “ಗಂಜಿಗೆ ಹ್ಯಾಗೋ ನಡೀತದೆ ಅಮ್ಮಾ, ನಿಮ್ಮಂಥವರು ಕೊಟ್ಟದ್ದುಂಟು. ದೋಣಿ ಎರಡು ಮೂರು ತೇಪೆ ಹಾಕಿ ನೀರಿಗೆ ಇಳಿಸಬಹುದು. ಆದ್ರೆ ಬಲೆ ಒಂದೂ ಉಳೀಲಿಲ್ಲ. ಒಣಗ್ಲಿಕ್ಕೆ ಹಾಕಿದ್ದನ್ನೆಲ್ಲಾ ಗಾಳಿ ಹೊತ್ಕೊಂಡು ಹೋಯ್ತು. ಬಲೆ ಇಲ್ದೆ ಕಡಲ ಎದುರು ಕೂತು ಎಂತ ಮಾಡುದು?”

“ಬಲಿ ನಮ್ಮಲ್ಲಿ ಎಲ್ಲಿ ಸಿಗತಾವು?”

“ಬಲೆ ನಾವೇ ಹೆಣೀತೇವೆ. ನಾರು ಬೇಕು. ಸಣಬಿನ ನಾರು.”

ಗೌರವ್ವನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕಡೆಗೆ ಹೋಯಿತು.

“ದುಂಡಪ್ಪಾ,” ಎಂದಳು, “ಜೋಳ ಇನ್ನೆರಡು ಚೀಲ ಒಯ್ಯಿ. ಬ್ಯಾಡ ಅನ್ನೂದಿಲ್ಲ. ಬೆಲ್ಲಾ ಒಯ್ಯಿ. ನಾರು ಕೇಳಬ್ಯಾಡ. ಲಿಂಗ ಕಟ್ಟಿದ ಕೊರಳಪಾ ಇದು. ಜೀವ ತಗಿಯೂ ಬಲಿಗೆ ನನ್ನ ಕೈಲೆ ನಾರು ಕೊಡಲಾ?”

“ಕಾಕು, ನಿಮಗ ಮೀನು ತಿನ್ನಂತ ಯಾರೂ ಹೇಳಾಕತ್ತಿಲ್ಲ.”

“ತಿನ್ನೂದು ಬ್ಯಾರೆ ಅಲ್ಲ, ಹಿಡಿಯಾಕ ಹಗ್ಗ ಕೊಡೂದು ಬ್ಯಾರೆ ಅಲ್ಲ.”

ಯಲ್ಲವ್ವ ಕದಿರು ನಿಲ್ಲಿಸಿದಳು. “ಯಕ್ಕಾ, ನಾವು ಕುರಿ ತಿನ್ನೂ ಮಂದಿ. ನಮ್ಮ ಕಂಬಳಿ ಹೊತಗೊಂಡು ಮಲಗಾಕ ನಿನಗ ಪಾಪ ಹತ್ತೂದಿಲ್ಲೇನ?”

“ಉಣ್ಣಿ ಕತ್ತರಿಸಿದರ ಕುರಿ ಸಾಯೂದಿಲ್ಲ.”

“ಕತ್ತರಿಸಿದ ಮ್ಯಾಲ ಆ ಕುರಿ ಎಲ್ಲಿಗಿ ಹೋಕ್ಕೈತಿ ಅಂತ ಯಾವತ್ತರ ಕೇಳೀಯೇನ?”

“ನೀ ಸುಮ್ಮನ ನೂಲಬೇ,” ಎಂದು ಗೌರವ್ವ ಮುಖ ತಿರುಗಿಸಿದಳು.

ದುಂಡಪ್ಪ ಸಿಟ್ಟಾಗುವ ಮನುಷ್ಯನಲ್ಲ. ನಿಧಾನಕ್ಕೆ ಹೇಳಿದ: “ನೋಡ್ರಿ ಕಾಕು, ಅವರಿಗಿ ಮೀನಿನ ಸುಗ್ಗಿ ಅಂದ್ರ ಇದs. ಮಳಿಗಾಲ ಬರೂತನಕ. ನಮಗ ಹಿಂಗಾರಿ ಬಿತ್ತೂ ಹೊತ್ತಿಗಿ ಕೂರಿಗಿ ಇಲ್ಲದಂಗ ಆದ್ರ ಹೆಂಗ, ಹಂಗ ಅವರಿಗಿ. ಇದು ತಪ್ಪಿತಂದ್ರ ಬರೂ ವರ್ಷದ ಮಳಿ ಹೋಗೂತನಕ ಕೈ ಚಾಚಿಕೊಂಡು ಕೂಡಬೇಕು. ನಾವು ಎಷ್ಟಂತ ಗಾಡಿ ಹೇರೂದು? ಬಲಿ ಇದ್ರ ಅವರ ಗಂಜಿ ಅವರs ಕಾಸ್ಕೋತಾರ. ಓಣಿ ಮಂದಿನ್ನೆಲ್ಲಾ ಕೇಳ್ಕೊಂಡು ಬಂದೆ. ಗೌರವ್ವ ಕೊಟ್ರ ನಾವೂ ಕೊಡತೀವಿ ಅಂತಾರ. ನಾಡಿದ್ದು ಗೋಕಾಕದಿಂದ ಗಾಡಿ ಬಿಡತಾವು. ಹುಕ್ಕೇರಿಯವರು, ಮೂಡಲಗಿಯವರು ಅಲ್ಲೇ ಬಂದು ಕೂಡತಾರ.”

“ನಾ ಕೊಡೂದಿಲ್ಲ,” ಎಂದಳು ಗೌರವ್ವ. “ಊಟಕ್ಕ ಏಳ್ರಿ.”

ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಗಣಪುವಿಗೆ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಕೊಟ್ಟಳು. ಅವನು ತಲೆ ಬಗ್ಗಿಸಿ ಉಣ್ಣುವುದನ್ನು ನೋಡುತ್ತ ನೋಡುತ್ತ ಅವಳಿಗೆ ಸುಮ್ಮನಿರಲು ಆಗಲಿಲ್ಲ.

“ಮನ್ಯಾಗ ಯಾರ್ಯಾರು ಅದೀರಿ ಅಣ್ಣಾ?”

“ಮಗ, ಸೊಸೆ, ಎರಡು ಮಕ್ಕಳು. ಆ ಗಾಳಿ ದಿನ ಮಗ ಕಡಲಲ್ಲಿದ್ದ.”

ಗೌರವ್ವನ ಕೈಯಲ್ಲಿದ್ದ ಸವಟು ನಿಂತಿತು. “ಬಂದಾ?”

“ಬಂದ. ದೋಣಿ ಬರ್ಲಿಲ್ಲ.”

“ಶಿವಾ. ಮಗ ಬಂದನಲ್ಲ, ಸಾಕು.”

“ಬಂದ ಅಮ್ಮಾ. ಆದ್ರೆ ದಂಡೆ ಮೇಲೆ ಸುಮ್ನೆ ಕೂತಿರ್ತಾನೆ. ಯಾರಾದ್ರೂ ಕೊಟ್ರೆ ತಿಂತಾನೆ, ಮತ್ತೆ ಹೋಗಿ ಕೂರ್ತಾನೆ. ನನ್ನ ಸಂಗಡ ಮಾತೇ ಬಿಟ್ಟಿದಾನೆ. ದುಡಿದವನಿಗೆ ಕೂತು ತಿನ್ನುದು ಆಗುದಿಲ್ಲ. ಕಡಲಿಂದ ಉಳಿದು ಬಂದ ಮಗ ದಂಡೆ ಮೇಲೆ ಹಾಳಾಗ್ತಾನಾ ಅಂತ ನನಗೆ ಹೆದ್ರಿಕೆ.”

ಗೌರವ್ವ ಇನ್ನೊಂದು ಸವಟು ಹಾಲು ಬಡಿಸಿದಳು.

ಮರುದಿನ ಬೆಳಿಗ್ಗೆ ಹಳ್ಳದ ಮಡುವಿನಲ್ಲಿ ನೆನೆಹಾಕಿದ್ದ ಸಣಬಿನ ಹೊರೆಗಳನ್ನು ಎತ್ತಬೇಕಾಗಿತ್ತು. ಸಣಬನ್ನು ಕೊಯ್ದು ಹೊರೆ ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಯಲು ಬಿಡುತ್ತಾರೆ. ತೊಗಟೆ ಕೊಳೆತ ಮೇಲೆ ನಾರು ಸುಲಿದು ಬರುತ್ತದೆ. ಮೊದಲು ನೆನೆಹಾಕಿದ್ದರ ನಾರು ಆಗಲೇ ಒಣಗಿ ಮನೆಯ ಅಟ್ಟ ಸೇರಿತ್ತು. ಇವು ಹಿಂದುಳಿದ ಹೊರೆಗಳು. ಸೋಮಪ್ಪ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿದ. ರಾತ್ರಿ ಆ ಮನೆಯಲ್ಲೇ ಉಳಿದಿದ್ದ ಗಣಪುವೂ ಯಾರೂ ಕರೆಯದಿದ್ದರೂ ಬಂದಿದ್ದ. ಉಂಡ ಮನೆಯ ಕೆಲಸ ಕಣ್ಣೆದುರು ಇರುವಾಗ ನಿಂತು ನೋಡುವುದು ಅವನಿಗೂ ಬರುತ್ತಿರಲಿಲ್ಲ. ಸೊಂಟದವರೆಗೆ ನೀರಿಗಿಳಿದು ಕಲ್ಲು ಸರಿಸತೊಡಗಿದ. ಗೌರವ್ವ ವಾಡಿಕೆಯಂತೆ ಸೆರಗು ಮೂಗಿಗೆ ಒತ್ತಿಕೊಂಡು ದಂಡೆಯ ಮೇಲೆ ನಿಂತಳು. ಮಡುವಿನ ನೀರು ಕಪ್ಪಾಗಿ ನಾರುತ್ತಿತ್ತು.

ಹೊರೆ ಎದ್ದೊಡನೆ ಅದರ ಸುತ್ತ ಬೆಳ್ಳಗೆ ಏನೋ ತೇಲಿ ಬಂತು. ಸಣ್ಣ ಸಣ್ಣ ಮೀನು. ಹೊಟ್ಟೆ ಮೇಲಾಗಿ ಸತ್ತಿದ್ದವು. ಮಡುವಿನ ಮೂಲೆಯಲ್ಲಿ ಅವು ಗುಂಪುಗಟ್ಟಿ ನಿಂತಿದ್ದವು. ಒಂದು ಕೊಕ್ಕರೆ ಆರಾಮಾಗಿ ಆರಿಸಿಕೊಳ್ಳುತ್ತಿತ್ತು.

ಗಣಪು ಒಂದನ್ನು ಅಂಗೈ ಮೇಲೆ ತೆಗೆದುಕೊಂಡು ನೋಡಿದ. “ಇಷ್ಟೂ ಸತ್ತು ಹೋಗಿದಾವಲ್ಲ! ಎಂತ ಆಯ್ತು?”

“ವರ್ಷಾನೂ ಹಿಂಗರಿ ಕಾಕಾ,” ಎಂದ ಸೋಮಪ್ಪ. “ಸಣಬು ಕೊಳತ ನೀರಿನ್ಯಾಗ ಅವಕ್ಕ ಉಸರ ಕಟ್ಟತೈತಿ.”

“ಯಾರೂ ತಿನ್ನುದಿಲ್ವಾ?”

“ನಮ್ಮಾಗ ಯಾರು ತಿಂತಾರ್ರಿ?”

“ಛೆ,” ಎಂದ ಮುದುಕ. “ಯಾರ ಹೊಟ್ಟೆಗೂ ಆಗ್ದೆ ಹೋದ್ವಲ್ಲ.”

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಹೊಲದಲ್ಲಿ ಕಾಳು ಉದುರಿದ್ದನ್ನು ಕಂಡರೆ ಒಕ್ಕಲಿಗನಿಗೆ ಹೇಗೆ ಆಗುತ್ತದೋ ಅವನಿಗೆ ಹಾಗೆ ಆಗಿತ್ತು, ಅಷ್ಟೇ. ಮೀನನ್ನು ನೀರಿಗೆ ಬಿಟ್ಟು ಮತ್ತೆ ಕಲ್ಲಿಗೆ ಕೈ ಹಾಕಿದ.

ಗೌರವ್ವ ದಂಡೆಯ ಮೇಲೆ ಕೂತುಬಿಟ್ಟಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಈ ಮಡುವಿಗೆ ಬರುತ್ತಿದ್ದಳು. ವರ್ಷವೂ ಈ ಬೆಳ್ಳಗಿನ ಹೊಟ್ಟೆಗಳು ತೇಲಿದ್ದವು. ಅವಳು ಮೂಗು ಮುಚ್ಚಿಕೊಂಡಿದ್ದಳು. ಅದರ ಜೊತೆಗೆ ಕಣ್ಣೂ ಮುಚ್ಚಿತ್ತು. ತನ್ನ ಎತ್ತಿನ ಹಗ್ಗಕ್ಕೆ, ತನ್ನ ಬಾವಿಯ ಹಗ್ಗಕ್ಕೆ, ತನ್ನ ತೊಟ್ಟಿಲಿನ ಹಗ್ಗಕ್ಕೆ ಎಷ್ಟು ಜೀವ ಹೋಗಿದ್ದವೋ! ಅವು ಯಾವ ಮಗುವಿನ ಹಸಿವನ್ನೂ ಕಳೆದಿರಲಿಲ್ಲ.

ಹೊರೆಗಳೆಲ್ಲ ದಂಡೆಗೆ ಬಂದವು. ಆಮೇಲೆ ಗೌರವ್ವ ಮಗನನ್ನು ಕರೆದಳು.

“ಸೋಮಪ್ಪಾ, ಅಟ್ಟದ ಮ್ಯಾಲಿನ ನಾರು ಇಳಸು.”

“ಎಷ್ಟು?”

“ಎಲ್ಲಾ.”

ಸೋಮಪ್ಪ ತಾಯಿಯ ಮುಖ ನೋಡಿದ. “ಅವ್ವಾ, ಎತ್ತಿನ ಹಗ್ಗಕ್ಕ?”

“ಹಳೀ ಹಗ್ಗ ಬಿಚ್ಚಿ ಕೂಡಿಸಿ ಹೊಸಿ. ಈ ಹಸೀ ನಾರು ಒಣಗಿದ ಮ್ಯಾಲ ಹೊಸಾವು ಮಾಡೂನು.” ಅವಳು ಎದ್ದು ಸೀರೆ ಕೊಡವಿಕೊಂಡಳು. “ನನ್ನ ಪಾಪ ನಾ ಲಿಂಗಯ್ಯನ ಮುಂದ ಹೇಳ್ಕೋತೀನಿ. ಅವರು ದುಡದು ಉಣ್ಣೂದನ್ನ ತಡಿಯಾಕ ನಾ ಯಾರು? ಮತ್ತ ಇಲ್ಲೆ ಕೇಳು, ಬರೂ ವರ್ಷ ಸಣಬು ಹಳ್ಳದಾಗ ನೆನಿಹಾಕೂದು ಬ್ಯಾಡ. ಹೊಲದಾಗ ಬ್ಯಾರೆ ಗುಂಡಿ ತೋಡು.”

ಮಧ್ಯಾಹ್ನದ ಹೊತ್ತಿಗೆ ಗೌರವ್ವನ ಅಂಗಳ ತುಂಬಿತ್ತು. ಹಿರಿಯಳು ಕೊಟ್ಟಳೆಂದು ತಿಳಿದದ್ದೇ ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಅಟ್ಟದ ನಾರು ಹೊತ್ತು ತಂದರು. ಗಣಪು ಒಂದೊಂದು ಎಳೆ ಎಳೆದು ನೋಡಿ ಉದ್ದನೆಯದನ್ನು ಬೇರೆ, ತುಂಡಾದದ್ದನ್ನು ಬೇರೆ ಇಟ್ಟ. ಯಲ್ಲವ್ವನ ಮನೆಯಲ್ಲಿ ಸಣಬು ಇರಲಿಲ್ಲ. “ನಾರು ಇಲ್ಲದಿದ್ರ ಏನಾತು, ಕದರು ಐತಲ್ಲ” ಎಂದು ಉಣ್ಣೆ ಬದಿಗಿಟ್ಟು ಸಣಬು ನೂಲಲು ಕೂತಳು. ಮೊದಲ ದಾರ ಗಂಟು ಗಂಟಾಯಿತು.

“ಇದಕ್ಕೆ ಮೀನು ಬೀಳುದಿಲ್ಲ, ಎಮ್ಮೆ ಬಿದ್ದೀತು,” ಎಂದ ಗಣಪು.

“ಎಮ್ಮಿ ಬಿದ್ರ ನನಗs ಕಳಸ್ರಿ, ಹೈನಕ್ಕ ಆಕ್ಕೈತಿ,” ಎಂದಳು ಯಲ್ಲವ್ವ. ಬಂದ ಮೇಲೆ ಮೊದಲ ಸಲ ಮುದುಕ ನಕ್ಕ.

ಮರುದಿನ ನಸುಕಿನಲ್ಲೇ ಕಲ್ಲೋಳಿಯ ಗಾಡಿ ಗೋಕಾಕದ ಹಾದಿ ಹಿಡಿಯಿತು.

ಸಂಕ್ರಾಂತಿ ಕಳೆದ ಮೇಲೆ ದುಂಡಪ್ಪ ಊರಿಗೆ ಬಂದ. ಈ ಸಲ ಏನನ್ನೂ ಕೇಳಲು ಬಂದಿರಲಿಲ್ಲ, ಹೇಳಲು ಬಂದಿದ್ದ. ಗೌರವ್ವನ ಕಟ್ಟೆಯ ಮೇಲೆ ಓಣಿಯೇ ಕೂಡಿತು. ಇಡೀ ಕೇರಿ ಕೂತು ಬಲೆ ಹೆಣೆದದ್ದು, ನೀರಿನಲ್ಲಿ ಕೊಳೆಯದಂತೆ ಮರದ ತೊಗಟೆಯ ಬಣ್ಣದಲ್ಲಿ ಅದ್ದಿ ಒಣಗಿಸಿದ್ದು, ತೇಪೆ ಹಾಕಿದ ದೋಣಿಗಳನ್ನು ನೀರಿಗೆ ನೂಕಿದ್ದು, ಎಲ್ಲವನ್ನೂ ಹೇಳಿದ.

“ಗಣಪು ಅವರ ಮಗಾ?” ಎಂದಳು ಗೌರವ್ವ.

“ಎಲ್ಲಾರಕಿಂತ ಮೊದಲs ದೋಣಿ ಹತ್ತಿದಾಂವ ಅವನರಿ ಕಾಕು.”

ಗೌರವ್ವ ತಲೆಯಾಡಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಡೆಗೆ ತಡೆಯಲಾರದೆ, ತುಸು ದನಿ ತಗ್ಗಿಸಿ ಕೇಳಿದಳು:

“ಮತ್ತ… ಮೀನ ಬಿದ್ದೂವೋ ಇಲ್ಲೋ?”

“ಬಿದ್ದೂರಿ ಕಾಕು. ದೋಣಿ ತುಂಬ ಬಿದ್ದೂ.”

“ಅಷ್ಟಾತಲ್ಲ,” ಎಂದು ಗೌರವ್ವ ಗೋಡೆಗೆ ಒರಗಿದಳು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಕೇಳುತ್ತ ಕೂತ ಹಿರಿಯರೇ, ನೆರೆ ಬಂದೀತು, ಗಾಳಿ ಎದ್ದೀತು, ಬೆಂಕಿ ಬಿದ್ದೀತು. ನಮ್ಮೂರಿಗೆ ಅಲ್ಲದಿದ್ದರೆ ಇನ್ನೊಂದೂರಿಗೆ. ಆಗ ನಿಮ್ಮ ಬಾಗಿಲಿಗೆ ಇಂಥ ಸಣ್ಣ ಮಂಡಳಿಯವರು ಬಂದರೆ ಕೂಡ್ರಿಸಿಕೊಳ್ಳಿ. ಮೊದಲು ಕೇಳಿ: ಅಲ್ಲಿಯವರಿಗೆ ಏನು ಬೇಕಂತೆ? ನಮಗೆ ಕೊಡಲು ಸುಲಭವಾದದ್ದು ಅವರಿಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಹಸಿದ ದಿನಕ್ಕೆ ಊಟ ಕೊಡಿ, ಅಲ್ಲಿಗೇ ಮರೆತುಬಿಡಬೇಡಿ. ಅವರ ಉದ್ಯೋಗ ನಿಮ್ಮದಲ್ಲದಿರಬಹುದು, ಅವರ ಊಟ ನಿಮಗೆ ಸೇರದಿರಬಹುದು. ಆದರೂ ಅವರು ಮತ್ತೆ ತಮ್ಮ ಕೆಲಸಕ್ಕೆ ಏಳುವಂತೆ ಕೈ ಕೊಡಿ. ನಿಮ್ಮ ಅಟ್ಟದ ಮೇಲೆ ಏನಿದೆ, ಇವತ್ತೇ ಒಮ್ಮೆ ಹತ್ತಿ ನೋಡಿ.